ಹೆಂಗಸರ ಭೂಶಿರದ ಬಗ್ಗೆ ಗಂಡಸರನ್ನು ವಿಚಾರಿಸಿದ ಅಧಿಕಾರಿಗಳಿಗೆ

ಬನ್ನಿ ಮಹಾಜನರೇ, ಹತ್ತಿರ ಬನ್ನಿ! ಬಲೆ ಹೊಲಿಯುತ್ತಿದ್ದವರು ಸೂಜಿ ಕೆಳಗಿಟ್ಟು ಬನ್ನಿ, ಒಲೆಯ ಮೇಲೆ ಕೆಟಲ್ ಇಟ್ಟವರು ಇಳಿಸಿ ಬನ್ನಿ. ಹಲಗೆ ಹೊತ್ತು ತೆರೆಯ ಮೇಲೆ ಜಾರಲು ಬಂದ ಸಿಡ್ನಿಯ ಮಕ್ಕಳೇ, ನೀವೂ ಕೂರಿ, ಮರಳಿಗೇನೂ ಬರವಿಲ್ಲ. ನಾನು ಮಾತಾಡಬೇಕಾದದ್ದು ಭೂಯೋಜನಾ ಅಧಿಕಾರಿಗಳ ಜೊತೆ. ಆದರೆ ಮುಚ್ಚಿದ ಕೋಣೆಯಲ್ಲಿ ಹೇಳಿದ್ದು ಅವರಿಗೆ ಕೇಳಿಸುವುದಿಲ್ಲ. ಬಯಲಲ್ಲಿ ಕೂಗಿದ್ದಾದರೂ ಕೇಳೀತೇ ನೋಡೋಣ.

ಮಾನ್ಯ ಅಧಿಕಾರಿಗಳೇ! ನಮ್ಮ ಊರಿನ ತೆಂಕಣ ಭೂಶಿರವನ್ನು ತಾವು ಸಮುದ್ರ ಕಾಣುವ ಮನೆಗಳಿಗೆಂದು ಬಡಾವಣೆ ಕಂಪನಿಗೆ ಒಪ್ಪಿಸಿದ್ದೀರಿ. ನಾಳೆ ಬೆಳಗಾದರೆ ಮಣ್ಣು ಅಗೆಯುವ ಯಂತ್ರಗಳು ಬರುತ್ತವೆ. ತಮ್ಮ ಆದೇಶದಲ್ಲಿ ಒಂದು ಸಾಲಿದೆ: ‘ಸ್ಥಳೀಯ ಮೂಲನಿವಾಸಿಗಳನ್ನು ವಿಚಾರಿಸಲಾಗಿ, ಸದರಿ ಸ್ಥಳದ ಬಗ್ಗೆ ಅವರಿಗೆ ಯಾವುದೇ ತಿಳಿವಳಿಕೆ ಇರುವುದು ಕಂಡುಬಂದಿಲ್ಲ.’ ಆಹಾ! ಸಾವಿರಾರು ವರ್ಷ ಇದೇ ದಡದಲ್ಲಿ ಚಿಪ್ಪಿ ಸುಟ್ಟು ತಿಂದ ನಮ್ಮ ಜನಕ್ಕೆ ತಿಳಿವಳಿಕೆಯಿಲ್ಲ! ಇದೆಯೋ ಇಲ್ಲವೋ ಎಂದು ವಿಚಾರಿಸಲು ಬಂದವರು ಯಾರು, ಹೇಗೆ ವಿಚಾರಿಸಿದರು ಎಂಬುದನ್ನು ಈ ಸಭೆ ಕೇಳಲಿ.

ಕಂಪನಿಯ ಸಮೀಕ್ಷಕ ಒಬ್ಬ ಬಂದ. ಕೆಟ್ಟವನಲ್ಲ, ಪಾಪ, ಒಳ್ಳೆಯ ಬೂಟು, ಒಳ್ಳೆಯ ನಗು. ನಮ್ಮ ಸಮುದಾಯ ಭವನದಲ್ಲಿ ಗಂಡಸರನ್ನೆಲ್ಲ ಮೇಜಿನ ಸುತ್ತ ಕೂರಿಸಿ, ನಕ್ಷೆ ಹರಡಿ, ಭೂಶಿರದ ಮೇಲೆ ಬೆರಳಿಟ್ಟು ಕೇಳಿದ, “ಇಲ್ಲಿ ನಿಮಗೆ ಮುಖ್ಯವಾದದ್ದು ಏನಾದ್ರೂ ಇದೆಯಾ?”

ನಾವೆಲ್ಲ ಹಿರಿಯರ ಮುಖ ನೋಡಿದೆವು. ನಮ್ಮ ಹಿರಿಯ ಕ್ಲಾರೆನ್ಸ್ ಮಾವ ಕಿಟಕಿಯಾಚೆ ನೋಡಿದ. “ಟೀ ಆರೋಗ್ತಿದೆ, ಕುಡಿಯಪ್ಪಾ” ಅಂದ.

ಹುಡುಗ ಕುಡಿದ. ಕುಡಿದು, ಅಡುಗೆಮನೆಯ ಬಾಗಿಲಲ್ಲಿ ಇಣುಕಿ, ಅಲ್ಲಿ ಕೆಂಡದ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ ನಮ್ಮ ಹೆಂಗಸರನ್ನು ಒಂದೇ ಒಂದು ಪ್ರಶ್ನೆ ಕೇಳಿದ. “ಸ್ವಲ್ಪ ಸಕ್ಕರೆ ಸಿಗುತ್ತಾ?”

ಮಾನ್ಯರೇ, ಆ ಭೂಶಿರ ಹೆಂಗಸರದ್ದು. ಅದರ ಮಾತು ಹೆಂಗಸರ ಬಾಯಿಂದ ಹೆಂಗಸರ ಕಿವಿಗೆ ಹೋಗುವಂಥದ್ದು. ಗಂಡಸು ಅಲ್ಲಿಗೆ ಕಾಲಿಡುವುದಿಲ್ಲ, ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ಅಲ್ಲೇನಿದೆ? ನನಗೆ ಗೊತ್ತಿಲ್ಲ! ಅದರ ಮಗ್ಗುಲಲ್ಲೇ ಹುಟ್ಟಿ ತಲೆ ನರೆತಿದೆ, ಗೊತ್ತಿಲ್ಲ! ಇದೇ ನನ್ನ ಸಾಕ್ಷ್ಯ. ಹೆರಿಗೆ ಕೋಣೆಯ ಹೊರಗೆ ಕೂತ ಗಂಡನನ್ನು ‘ಒಳಗೇನಾಯ್ತು’ ಎಂದು ಕೇಳಿ, ಅವನು ‘ಗೊತ್ತಿಲ್ಲ’ ಎಂದರೆ, ಮಗುವೇ ಹುಟ್ಟಲಿಲ್ಲವೆಂದು ಬರೆದುಕೊಳ್ಳುವಿರಾ?

ಹೋದ ಚಳಿಗಾಲದಲ್ಲಿ ನನ್ನ ಭಾವ ಡಾರ್ಸಿಯ ನಾಯಿ ವಲ್ಲಬಿಯನ್ನು, ಅದೇ ಪುಟ್ಟ ಜಾತಿಯ ಕಾಂಗರೂವನ್ನು, ಅಟ್ಟಿಕೊಂಡು ಭೂಶಿರದ ದಾರಿಯ ತಿರುವು ದಾಟಿ ಅತ್ತ ನುಗ್ಗಿತು. ಡಾರ್ಸಿ ತಿರುವಿನಲ್ಲೇ ನಿಂತ. ಮಳೆ ಬಂತು, ನಿಂತ. ಶಿಳ್ಳೆ ಹೊಡೆದು ಹೊಡೆದು ತುಟಿ ಬಿರಿಯಿತು. ಆ ದಾರಿಯಲ್ಲಿ ಬಂದ ನನ್ನ ತಂಗಿ ನೊರೀನ್ ನಕ್ಕಳು: “ಗಂಡ್ ನಾಯಿ ಅಲ್ವಾ, ಹೇಳಿದ್ ಮಾತು ಎಲ್ಲಿ ಕೇಳುತ್ತೆ! ಇರು ಮಾರಾಯ, ನಾನೇ ತರ್ತೀನಿ.” ತಮ್ಮ ನಕ್ಷೆಯಲ್ಲಿ ‘ಖಾಲಿ ಜಾಗ’ವೆಂದಿರುವುದು ಇದೇ. ಕಂಪನಿ ರಸ್ತೆಬದಿಗೆ ಫಲಕ ನೆಟ್ಟಿದೆ, ‘ಯಾರೂ ಮುಟ್ಟದ ಕರಾವಳಿ’ ಅಂತ. ಹೌದು ಸ್ವಾಮಿ! ನಾವು ಯಾರನ್ನೂ ಮುಟ್ಟಗೊಡಲಿಲ್ಲ, ಅದಕ್ಕೇ ಉಳಿದಿದೆ!

ಇದನ್ನೆಲ್ಲ ಮೊದಲೇ ಹೇಳಬಾರದಿತ್ತೇ ಎನ್ನುವಿರಿ. ಹೇಳಲು ಬಂದೆವಲ್ಲ! ಪುರಭವನದ ವಿಚಾರಣೆಯಲ್ಲಿ ನಮ್ಮ ಮರ್ಲ್ ದೊಡ್ಡಮ್ಮ ಕೋಲೂರಿ ಎದ್ದು ನಿಂತಳು. ಈಗ ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಕಲಿಸಬಲ್ಲವಳು ಉಳಿದಿರುವುದು ಅವಳೊಬ್ಬಳೇ. ವೇದಿಕೆಯ ಮೇಲಿಂದ ತಾವು ಅಪ್ಪಣೆ ಕೊಡಿಸಿದಿರಿ: “ಅಲ್ಲೇನಿದೆ ಅಂತ ವಿವರವಾಗಿ ಹೇಳಿ ಅಮ್ಮಾ, ಮೈಕ್ ಹತ್ರ ಬನ್ನಿ.”

ಅವಳು ಸಾಲಾಗಿ ಕೂತಿದ್ದ ನಮ್ಮನ್ನು ನೋಡಿದಳು. “ಇಲ್ಲಿ ಗಂಡಸ್ರಿದ್ದಾರಲ್ಲಪ್ಪ. ಮೈಕಲ್ಲಿ ಹೇಳೋ ಮಾತಲ್ಲ ಅದು. ನಿಮ್ ಆಫೀಸಲ್ಲಿ ಒಬ್ಳಾದ್ರೂ ಹೆಣ್ಮಗಳು ಇಲ್ವಾ? ಕಳ್ಸಿ. ಕೈ ಹಿಡ್ಕೊಂಡು ಕರ್ಕೊಂಡ್ ಹೋಗಿ ತೋರಿಸ್ತೀನಿ.”

“ದಾಖಲಾಗದ್ದನ್ನ ಪರಿಗಣಿಸೋಕೆ ಬರಲ್ಲಮ್ಮ” ಎಂದಿರಿ. ಸಭೆ ಮುಗಿಯಿತು.

ಹೊರಗೆ ಮೆಟ್ಟಿಲ ಮೇಲೆ ದೊಡ್ಡಮ್ಮ ಮಂಡಿ ನೀವಿಕೊಳ್ಳುತ್ತ ಕೂತಳು. “ಈ ವಸಂತಕ್ಕೆ ನಿನ್ ಮೊಮ್ಮಗಳು ಟಲೀಯಾನ ಕರ್ಕೊಂಡ್ ಹೋಗ್ಬೇಕು ಅಂತಿದ್ದೆ ಕಣೋ. ಇನ್ನೆಲ್ಲಿಗೆ ಕರ್ಕೊಂಡ್ ಹೋಗ್ಲಿ? ಯಾರ್ದೋ ಈಜುಕೊಳದ ಹತ್ರ ನಿಂತ್ಕೊಂಡು, ‘ನೋಡು ಮಗಾ, ಈ ಟೈಲ್ಸ್ ಕೆಳಗಿತ್ತು’ ಅನ್ಲಾ?” ಎಂದಳು. ದೊಡ್ಡಮ್ಮನ ಕಾಲು ಇನ್ನೆಷ್ಟು ವಸಂತ ನಡೆದೀತು? ಆ ಹುಡುಗಿಗೆ ಸಲ್ಲಬೇಕಾದದ್ದು ಸಲ್ಲದೆ ಹೋದರೆ ಅದನ್ನು ಯಾವ ಇಲಾಖೆ ಮಂಜೂರು ಮಾಡಿಕೊಡುತ್ತದೆ?

ನಮ್ಮ ಬೇಡಿಕೆ ಇಷ್ಟೇ. ಯಂತ್ರಗಳನ್ನು ನಿಲ್ಲಿಸಿ. ತಮ್ಮ ಕಚೇರಿಯಿಂದ ಒಬ್ಬ ಮಹಿಳಾ ಅಧಿಕಾರಿಯನ್ನು ಕಳುಹಿಸಿ. ಆಕೆ ನಮ್ಮ ಹೆಂಗಸರ ಜೊತೆ ನಡೆದು ಬರಲಿ. ಕಂಡದ್ದನ್ನು ತಮಗೂ ಹೇಳದಿರಲಿ, ‘ಇದೆ’ ಎಂಬ ಎರಡಕ್ಷರ ಬರೆಯಲಿ, ಸಾಕು.

ಅಲ್ಲಿಯವರೆಗೆ ನಾವು ಸುಮ್ಮನೆ ಕೂರುವವರಲ್ಲ. ನಾಳೆ ಬೆಳಿಗ್ಗೆ, ಯಂತ್ರಗಳಿಗಿಂತ ಮುಂಚೆ, ನಮ್ಮ ಹೆಂಗಸರು ಭೂಶಿರಕ್ಕೆ ಹೋಗುತ್ತಾರೆ. ದೊಡ್ಡಮ್ಮನ ಮಡಚುವ ಕುರ್ಚಿಯನ್ನು ತಿರುವಿನವರೆಗೆ ನಾನು ಹೊತ್ತು, ಅಲ್ಲಿ ಟಲೀಯಾಳ ಕೈಗೆ ಕೊಡುತ್ತೇನೆ. ಆಮೇಲೆ ಬೆನ್ನು ಅವರ ಕಡೆಗೆ, ಮುಖ ರಸ್ತೆಯ ಕಡೆಗೆ ಮಾಡಿ ನಿಲ್ಲುತ್ತೇನೆ. ನನ್ನ ಪಕ್ಕದಲ್ಲಿ ಊರಿನ ಗಂಡಸರೆಲ್ಲ. ಯಂತ್ರದ ಚಾಲಕ ಬಂದರೆ ಹೇಳುತ್ತೇನೆ, “ಇಳಿ ತಮ್ಮಾ, ನಮ್ ಜೊತೆ ನಿಂತ್ಕೋ. ಇಲ್ಲಿಂದಾಚೆ ನಾವ್ ಗಂಡಸ್ರು ಹೋಗೋದಿಲ್ಲ.”

ಇಂತಿ,
ಏನೂ ತಿಳಿಯದವನೆಂದು ತಮ್ಮ ಮೊಹರಿನಿಂದಲೇ ದೃಢೀಕೃತನಾದ,
ವರ್ನನ್ ಟಾಲ್ಬಟ್