ಜೇಬಿನಲ್ಲಿ ಪೆನ್ನಿಲ್ಲದ ಇನ್‌ಸ್ಪೆಕ್ಟರ್

ಮಾರ್ಚ್ 3, ಸೋಮವಾರ. ಸಂಜೆ 7.40

ಇವತ್ತೂ ಒದ್ದ. ಬಾಗಿಲು ಹಾರಿಹೋಯಿತು. ನನ್ನ ತಮ್ಮ — ಧಾರಾವಾಹಿಯ ಇನ್‌ಸ್ಪೆಕ್ಟರ್, ಮನೆಮನೆಯ ಹೀರೋ — ರಕ್ತ ಮೆತ್ತಿದ ಚಾಕುವನ್ನು ಬರಿಗೈಯಲ್ಲಿ ಎತ್ತಿದ. ಆಹಾ! ಬೆರಳಚ್ಚಿನ ಗತಿ? ಮಹಜರು ಬರೆಯುವವರಿಲ್ಲ, ಸಾಕ್ಷಿಯ ಹೇಳಿಕೆ ಬರೆಯುವವರಿಲ್ಲ. ಜೇಬಿನಲ್ಲಿ ಒಂದು ಪೆನ್ನೂ ಇಲ್ಲ! ಎರಡು ನಿಮಿಷಕ್ಕೆ ಲ್ಯಾಬ್ ರಿಪೋರ್ಟ್. ನಮಗೆ ಎರಡು ತಿಂಗಳು.

“ನೋಡೋ ದೊಡ್ಡೋನೇ, ಅರ್ಧ ಗಂಟೇಲಿ ಹಿಡಿದೇಬಿಟ್ಟ,” ಎಂದಳು ಅಮ್ಮ. “ನಿನ್ನ ಔಷಧಿ ಅಂಗಡಿ ಕೇಸು ಎಲ್ಲಿಗೆ ಬಂತು?”

ಹದಿನೆಂಟು ವರ್ಷದ ಸರ್ವಿಸು. ನಿಜವಾದ ಸಬ್‌ಇನ್‌ಸ್ಪೆಕ್ಟರ್ ನಾನು! ಪೆನ್ನಿನ ಕ್ಯಾಪು ಕಚ್ಚಿದೆ.

“ಅದನ್ನ ತಿನ್ನಬೇಡ್ವೋ.” ಅಮ್ಮ, ಟಿವಿಯಿಂದ ಕಣ್ಣು ಕೀಳದೆಯೇ.

ಮಾರ್ಚ್ 5

ಔಷಧಿ ಅಂಗಡಿಯವನ ಕಾಲು ಮುರಿದು ಗಲ್ಲಾಪೆಟ್ಟಿಗೆಯನ್ನು ಸ್ಕೂಟರಿನಲ್ಲಿ ಹೊತ್ತೊಯ್ದವನನ್ನು ನೋಡಿದವಳು ಒಬ್ಬಳೇ — ಎದುರಂಗಡಿಯ ಟೈಲರಮ್ಮ. ನಾಲ್ಕನೇ ಸಲ ಹೋದೆ. ಮೆಷಿನ್ ನಿಲ್ಲಿಸಲಿಲ್ಲ.

“ಟಿವೀಲಿ ಬರ್ತಾರಲ್ಲ, ಆ ಸಾಹೇಬ್ರನ್ನ ಕಳಿಸಿ. ಹೇಳ್ತೀನಿ.”

“ಅವನು ನಟ ಕಣಮ್ಮ!”

“ಗೊತ್ತಪ್ಪ, ನನಗೇನು ಅಷ್ಟೂ ಬುದ್ಧಿ ಇಲ್ವಾ? ಅವರು ಮುಖ ನೋಡಿ ಕೇಳ್ತಾರೆ. ನೀವು ತಲೆ ಎತ್ತಿದ್ದೇ ಇಲ್ಲ, ಬರೀತೀರಿ, ಬರೀತೀರಿ. ನಿಮ್ಮ ನೆತ್ತಿ ನೋಡಿ ನೋಡಿ ಸಾಕಾಯ್ತು. ನಾಳೆ ಆ ಕಳ್ಳ ನನ್ನಂಗಡಿಗೇ ನುಗ್ಗಿದ್ರೆ ನಿಮ್ಮ ಪೆನ್ನು ಬರುತ್ತಾ?”

ಇವಳಿಗೂ ಅವನೇ ಬೇಕೆ!

ಮಾರ್ಚ್ 6

ನಮ್ಮ ಠಾಣೆಯ ಸಾಹೇಬರ ಅಪ್ಪಣೆ: ಶನಿವಾರದೊಳಗೆ ಹೇಳಿಕೆ ಬರದಿದ್ದರೆ ಕೇಸು ಬೇರೆಯವರ ಕೈಗೆ.

ಅಪ್ಪನ ನಾಟಕ ಕಂಪನಿ ನೆನಪಾಯಿತು. ದೇವರು ಮುಖವನ್ನೆಲ್ಲ ತಮ್ಮನಿಗೆ ಕೊಟ್ಟು, ನನಗೆ ಗಂಟಲು ಮಾತ್ರ ಕೊಟ್ಟ. ಅವನು ರಂಗದ ಮೇಲೆ ರಾಜಕುಮಾರ. ಪರದೆಯ ಮರೆಯಲ್ಲಿ ಮಾತು ಹೇಳಿಕೊಡುವವ ನಾನು. ಅದಕ್ಕೂ ನಾಲಾಯಕ್ಕು — ನನ್ನ ಪಿಸುಮಾತು ಕೊನೆಯ ಸಾಲಿಗೂ ಕೇಳುತ್ತಿತ್ತು!

ಫೋನು ಎತ್ತಿದೆ. ಇಟ್ಟೆ. ಎತ್ತಿದೆ. “ಬರ್ತೀಯೇನೋ?” ಎನ್ನಲು ಹಲ್ಲು ಕಚ್ಚಬೇಕಾಯಿತು.

“ಅಣ್ಣ ಕರೆದ್ರೆ ಬರದೆ ಇರ್ತೀನಾ?” ಎಂದ. ಆ ಒಳ್ಳೆಯತನವೇ ಮೈ ಉರಿಸುತ್ತದೆ.

ಮಾರ್ಚ್ 8, ಶನಿವಾರ

ಬಂದ. ಬೀದಿಗೆ ಬೀದಿಯೇ ಎದ್ದು ನಿಂತಿತು! ನನ್ನ ಜೊತೆಗಿದ್ದ ಕಾನ್‌ಸ್ಟೇಬಲ್ ಕೂಡ ಅವನಿಗೇ ಸೆಲ್ಯೂಟ್ ಹೊಡೆದ. ದ್ರೋಹಿ!

ಟೈಲರಮ್ಮ ಮೆಷಿನ್ ನಿಲ್ಲಿಸಿ ಸ್ಟೂಲ್ ಒರೆಸಿದಳು. ತಮ್ಮ ಕೂತ. ಅವಳ ಮುಖ ನೋಡಿದ. ನೋಡುತ್ತಲೇ ಇದ್ದ. ಏನು ಕೇಳಬೇಕೆಂದು ಮಹಾಶಯನಿಗೆ ಗೊತ್ತಿಲ್ಲ! ಮೆಲ್ಲಗೆ ಕಣ್ಣು ನನ್ನ ಕಡೆ ಹೊರಳಿತು — ಮಾತು ಮರೆತಾಗ ಪರದೆಯತ್ತ ಹೊರಳುತ್ತಿದ್ದ ಹಾಗೆಯೇ.

“ಸ್ಕೂಟರ್ ಬಣ್ಣ ಕೇಳೋ,” ಎಂದು ಪಿಸುಗುಟ್ಟಿದೆ. ಮೂರು ಅಂಗಡಿಯಾಚೆಗೂ ಕೇಳಿಸಿತು.

ಟೈಲರಮ್ಮ ಬಾಯಿಗೆ ಸೆರಗಿಟ್ಟು ನಕ್ಕಳು. “ಅವರ ಬಾಯಲ್ಲಿ ಯಾಕಪ್ಪ? ನೀವೇ ಕೇಳಿ.”

ಬರೆಯಲು ತಲೆ ತಗ್ಗಿಸಿದೆ. ತಮ್ಮ ಪೆನ್ನು ಕಿತ್ತುಕೊಂಡ. “ಮೊದಲು ಕೇಳಣ್ಣ, ಆಮೇಲೆ ಬರಿ.”

ಬರಿಗೈ. ತಲೆ ಎತ್ತಲೇಬೇಕಾಯಿತು. ಅವಳ ಕೈ ನಡುಗುತ್ತಿತ್ತು. ನಾಲ್ಕು ಸಲ ಬಂದಾಗಲೂ ನಡುಗುತ್ತಿತ್ತೇನೋ… ದಿನಕ್ಕೆರಡು ಸಲ ಬೀಟ್ ಪೊಲೀಸರನ್ನು ಕಳಿಸುತ್ತೇನೆ, ನಾನೂ ಬರುತ್ತೇನೆ, ಎಂದೆ. ನನ್ನನ್ನೇ ದಿಟ್ಟಿಸಿದಳು. ಆಮೇಲೆ ಹೇಳಿದಳು. ಕೆಂಪು ಸ್ಕೂಟರ್, ನಂಬರಿನ ಕೊನೆಯ ಮೂರಂಕಿ, ಅಂಗಿಯ ಹರಿದ ಎಡ ತೋಳು — ಟೈಲರ್ ಕಣ್ಣಲ್ಲವೇ! ಕಾನ್‌ಸ್ಟೇಬಲ್‌ನ ಪೆನ್ನು ಕಸಿದು ಬರೆದುಕೊಂಡೆ, ಓದಿ ಹೇಳಿದೆ.

ತಮ್ಮ ಜನರೊಡನೆ ಫೋಟೋ ತೆಗೆಸಿಕೊಂಡು ಹೋದ. ನನ್ನ ಪೆನ್ನಿನ ಸಮೇತ.

ಮಾರ್ಚ್ 24, ಸೋಮವಾರ. ಸಂಜೆ 7.15

ಕಳ್ಳ ಒಳಗಿದ್ದಾನೆ. ಗಲ್ಲಾಪೆಟ್ಟಿಗೆ ಸಿಕ್ಕಿತು. ಅಮ್ಮ ಪಕ್ಕದ ಮನೆಗೆಲ್ಲ ಸಾರಿದಳು: “ನಮ್ಮ ಚಿಕ್ಕೋನು ಹೋಗಿ ಕಳ್ಳನ್ನ ಹಿಡಿಸಿದ!” ಭಲೇ! ಹದಿನೆಂಟು ವರ್ಷ ನೀರಲ್ಲಿ ಹೋಮ. ಇವತ್ತು ಟಿವಿ ಮುಂದೆ ಕೂರುವುದಿಲ್ಲ. ಕೋಣೆಯ ಬಾಗಿಲು ಹಾಕಿ ಪೆನ್ಸಿಲಿನಲ್ಲಿ ಗೀಚುತ್ತಿದ್ದೇನೆ. ಹೊರಗೆ ಟಿವಿಯಲ್ಲಿ ಬಾಗಿಲು ಒದ್ದ ಸದ್ದು. ಒದೆಯಲಿ! ನನಗೇನು —

ಅಮ್ಮನ ಕೂಗು.

“ದೊಡ್ಡೋನೇ! ಬೇಗ ಬಾರೋ! ಇವನ ಜೇಬಲ್ಲಿ ಪೆನ್ನಿದೆ ಕಣೋ… ಕ್ಯಾಪೆಲ್ಲ ಕಚ್ಚಿ ಕಚ್ಚಿ… ಲೋ, ಇದು ನಿಂದಲ್ವೇನೋ!”

ಟಿವಿಯಲ್ಲಿ ಒಂದು ಕ್ಷಣ ಕಂಡಿದ್ದೀತು, ಅಷ್ಟು ಚಿಕ್ಕದಾಗಿ. ಹೇಗೆ ಗುರುತು ಹಿಡಿದಳು? ಹಾಗಾದರೆ ಅಮ್ಮ ಇಷ್ಟು ವರ್ಷ ನನ್ನನ್ನೂ —