ನಡೆದುಹೋದ ಅರುಂಧತಿ

ಹಿರಿಯೂರು
ಫೆಬ್ರವರಿ 30, 2231

ಪ್ರೀತಿಯ ಮುತ್ತಜ್ಜಿಯ ಮುತ್ತಜ್ಜಿಗೆ,

ಹೌದು, ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ! ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ; ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಅದಿರಲಿ, ನನಗೆ ಮದುವೆಯಾಗಿದೆ! ಇಂದಿಗೆ ನಲವತ್ತು ದಿನ! ಊರಿಗೆಲ್ಲ ಹೇಳಿ ಮುಗಿಸಿದ್ದೇನೆ, ಕೇಳದೆ ಉಳಿದವರು ನೀವೊಬ್ಬರೇ.

ಅವರ ಹೆಸರು ನಚಿಕೇತ. ಎಷ್ಟು ಒಳ್ಳೆಯವರೆಂದರೆ, ಬರೆಯುತ್ತಾ ಕುಳಿತರೆ ಕಾಗದ ಸಾಲದು. ಅವರದು ಚೂರುಗಾರರ ಕೆಲಸ. ನಿಮ್ಮ ಕಾಲದವರು ಆಕಾಶಕ್ಕೆ ಕಳಿಸಿ ಅಲ್ಲೇ ಬಿಟ್ಟ ಉಪಗ್ರಹಗಳೂ ರಾಕೆಟ್ಟುಗಳೂ ಒಂದಕ್ಕೊಂದು ಬಡಿದು ಚೂರುಚೂರಾಗಿ ಇನ್ನೂ ಭೂಮಿಯನ್ನು ಸುತ್ತುತ್ತಿವೆ. ಮೇಲಿನ ನಿಲ್ದಾಣದಲ್ಲಿದ್ದು ಅವುಗಳನ್ನು ಬಲೆ ಹಾಕಿ ಹಿಡಿಯುವವರು ಚೂರುಗಾರರು. ಕೆಳಗೆ ನಮಗೆ ಸೂರುಗಂಟೆಯಿದೆ. ಏನಾದರೂ ಬೀಳುವಂತಿದ್ದರೆ ಅದು ಮೊಳಗುತ್ತದೆ, ಬೀದಿಯಲ್ಲಿದ್ದವರೆಲ್ಲ ಹತ್ತಿರದ ಸೂರಿನಡಿ ಓಡುತ್ತೇವೆ. ನಾವಿಬ್ಬರು ಮೊದಲು ಭೇಟಿಯಾದದ್ದೂ ಹಾಗೆಯೇ, ಒಂದು ದೋಸೆ ಅಂಗಡಿಯ ತಗಡಿನ ಕೆಳಗೆ. ಗಂಟೆ ನಿಲ್ಲದಿರಲಿ ಎಂದು ನಾನು ಜೀವನದಲ್ಲಿ ಬೇಡಿಕೊಂಡದ್ದು ಅದೊಂದೇ ಸಲ.

ನಿಮ್ಮ ಮದುವೆಯ ವಿಡಿಯೊ ನಮ್ಮ ಮನೆಯಲ್ಲಿದೆ. ಮಟಮಟ ಮಧ್ಯಾಹ್ನ ಪುರೋಹಿತರು ಆಕಾಶ ತೋರಿಸಿ ಅರುಂಧತಿ ಕಂಡಳೇ ಎನ್ನುತ್ತಾರೆ, ನೀವು "ಕಾಣಿಸ್ತು, ಕಾಣಿಸ್ತು" ಎಂದು ನಗುತ್ತೀರಿ. ನಮಗೆ ತೋರಿಸಿದ್ದು ಮುಸ್ಸಂಜೆಯಲ್ಲಿ. ಚೂರುಗಳ ಹೊಳಪಿಗೆ ನಮ್ಮ ಆಕಾಶ ಹಾಲು ಚೆಲ್ಲಿದಂತಿರುತ್ತದೆ, ಅಷ್ಟು ಮಂಕಾದ ನಕ್ಷತ್ರ ಕಾಣುವುದೇ ಇಲ್ಲ. ಜೋಯಿಸರು ಮಿನುಗುತ್ತಿದ್ದ ಒಂದು ಚುಕ್ಕೆಯತ್ತ ಬೆರಳು ಮಾಡಿ, "ಬೇಗ ನೋಡಮ್ಮ, ಹೊರಟೇಹೋಗ್ತಿದೆ!" ಎಂದು ಅವಸರಪಡಿಸಿದರು. ನಾನು ಭಕ್ತಿಯಿಂದ ಕೈಮುಗಿದೆ. ಇವರು ಕಿವಿಯ ಹತ್ತಿರ ಬಗ್ಗಿ, "ಅರುಂಧತಿ ಅಲ್ಲ ಕಣೇ, ಹಳೇ ರಾಕೆಟ್ ಟ್ಯಾಂಕು. ಅದರ ನಂಬರೂ ಗೊತ್ತು ನಂಗೆ" ಎಂದರು. ನಗು ತಡೆಯಲಾಗದೆ ಬಾಸಿಂಗ ಜಾರಿತು!

ಮದುವೆಯಾದ ಹನ್ನೊಂದನೆಯ ದಿನ ಅವರು ಮೇಲೆ ಹೋದರು. ಇಪ್ಪತ್ತು ದಿನದ ಪಾಳಿ. ಮುಗಿಯಲು ಎರಡು ದಿನವಿದ್ದಾಗ ಅದೇ ಟ್ಯಾಂಕು ಇನ್ನೊಂದು ಚೂರಿಗೆ ಬಡಿದು ಸಾವಿರಾರು ಚೂರಾಯಿತು. ಇಳಿಯುವ ದಾರಿ ಮುಚ್ಚಿಹೋಗಿದೆ. ತೆರೆಯಲು ಒಂದು ವರ್ಷ ಬೇಕಾಗಬಹುದು, ಐದೂ ಆಗಬಹುದಂತೆ. ಅಲ್ಲಿರುವ ಗಾಳಿ ಎರಡು ವರ್ಷಕ್ಕೆ ಸಾಲುತ್ತದೆ.

ವಾರಕ್ಕೊಮ್ಮೆ ನನಗೆ ಮಾತುಪಾಳಿ, ಅಂದರೆ ಮೇಲಿರುವವರೊಡನೆ ಎರಡು ನಿಮಿಷದ ಮಾತು. ಅವರು ಗಾಳಿಯ ವಿಷಯ ಎತ್ತುವುದಿಲ್ಲ, ನಾನೂ ಕೇಳುವುದಿಲ್ಲ. ಹೋದ ವಾರ ಊಟಕ್ಕೆ ಏನು ಮಾಡಿದ್ದೆ ಎಂದು ಕೇಳಿದರು. ಒಬ್ಬಳಿಗಾಗಿ ಏನೂ ಮಾಡಿರಲಿಲ್ಲ. ಬಿಸಿಬೇಳೆ ಬಾತ್ ಎಂದೆ.

ಸಂಜೆ ಅವರ ನಿಲ್ದಾಣ ನಾಲ್ಕು ನಿಮಿಷ ಊರಿನ ಮೇಲೆ ಹಾದುಹೋಗುತ್ತದೆ. ಅಷ್ಟೊಂದು ಹೊಳೆಯುವ ಚೂರುಗಳಲ್ಲಿ ಅದು ಯಾವುದೆಂದು ತಿಳಿಯದೆ ಎಲ್ಲಕ್ಕೂ ಕೈ ಬೀಸುತ್ತೇನೆ. ಪಕ್ಕದ ಮನೆಯ ಸಾವಂತ್ರಮ್ಮ, "ಯಾವುದು ನಿನ್ ಗಂಡ, ತೋರ್ಸೇ ಹುಡುಗಿ" ಎಂದು ರೇಗಿಸುತ್ತಿದ್ದರು. ಈಗ ಅವರೂ ಸುಮ್ಮನೆ ಬಂದು ನನ್ನೊಡನೆ ಕೈ ಬೀಸುತ್ತಾರೆ.

ಅಜ್ಜಿ, ಆ ಟ್ಯಾಂಕು ನಿಮ್ಮ ಕಾಲದ್ದು. ಮೇಲೆ ಕಳಿಸಿದ್ದನ್ನು ಕೆಳಗಿಳಿಸಿ ಎಂದು ನಿಮ್ಮವರಿಗೆ ಹೇಳಿ, ಗಟ್ಟಿಯಾಗಿ ಹೇಳಿ. ಮತ್ತೆ ಇಂದು ಕತ್ತಲಾದ ಮೇಲೆ ಅಜ್ಜನನ್ನು ಕರೆದುಕೊಂಡು ಹೊರಗೆ ಹೋಗಿ. ಅಂದು ಮಧ್ಯಾಹ್ನ ಕಾಣದೆಯೇ ಕಂಡೆ ಎಂದಿರಲ್ಲ, ಅವಳನ್ನು ಒಮ್ಮೆ ನಿಜವಾಗಿ ನೋಡಿ. ವಸಿಷ್ಠನ ಪಕ್ಕದಲ್ಲೇ ಇದ್ದಾಳಂತೆ, ಎಲ್ಲಿಗೂ ಹೋಗದೆ.

ನಿಮ್ಮ,
ಮೇದಿನಿ