ಮೀನಿನ ಪೆಟ್ಟಿಗೆಯಲ್ಲಿ ಅರಳಿದ ಮಲ್ಲಿಗೆ

ತಂಗಿ ಮಾಸ್ತಮ್ಮ,

ಸತ್ತವಳಿಗೆ ಕಾಗದ ಬರೆಯುವುದು ಹುಚ್ಚೇ. ಇರಲಿ, ನಿನ್ನ ಮಲ್ಲಿಗೆ ಬದುಕಿತು. ರಸ್ತೆ ಅಗಲ ಮಾಡುವಾಗ ನೀನು ನೆಟ್ಟ ಗಿಡ ಹೋಯಿತು. ನಾನು ಉಳಿಸಿಕೊಂಡು ಕುಂಡದಲ್ಲಿ ನೆಟ್ಟ ಒಂದೇ ಟೊಂಗೆ ಚಿಗುರಿತ್ತು, ಆದರೆ ಈ ಮಳೆಗಾಲದಲ್ಲಿ ಬಿಸಿಲಿಲ್ಲದೆ ಬಾಡತೊಡಗಿತು. ತದಡಿ ಬಂದರಿನಿಂದ ಬಂಗಡೆ ಮೀನು ತಂದಿದ್ದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಅದನ್ನಿಟ್ಟು, ಮೇಲೆ ಬಿಳಿ ಎಲ್‌ಇಡಿ ದೀಪದ ಪಟ್ಟಿಗಳನ್ನು ಕಟ್ಟಿದೆ. ಎಲೆ ಹಸಿರಾಯಿತು, ಮೊಗ್ಗು ಮಾತ್ರ ಇಲ್ಲ.

ನಿನ್ನ ಮಗಳು ಮಾಲಿನಿ ನೋಡಿ, "ಎಂತ ಮಾವ, ಆಸ್ಪತ್ರೆ ಮಾಡಿದ್ರಿ? ಹೂ ಬಿಡುಕೆ ಹಳದಿ ಬೆಳಕೂ ಬೇಕು, ಹಳದಿ ಪಟ್ಟಿನೂ ಸೇರ್ಸಿ" ಎಂದಳು.

"ನಿನ್ನ ಅಮ್ಮನ ಹಂಗೇ ಬುದ್ಧಿ ಹೇಳುಕೆ ಬಂದ್ಯನೇ?" ಎಂದು ಬೈದೆ.

ಅವಳು ಹೋದ ಮೇಲೆ ಬಿಳಿಯ ನಡುನಡುವೆ ಹಳದಿ ಕಟ್ಟಿದೆ.

ಇವತ್ತು ಹೂವು ಅರಳಿತು. ಅಬ್ಬ, ಎದೆ ಹಗುರಾಯಿತು! ಮಾಲಿನಿಗೇ ಕೊಟ್ಟೆ. ಮುಡಿದುಕೊಂಡು, "ಬಂಗಡೆ ವಾಸನೆ ಮಾವ" ಎಂದು ನಿನ್ನ ಹಾಗೇ ನಕ್ಕಳು.

ಈ ಸಲ ಬೈಯಲಿಲ್ಲ.

ನಿನ್ನ ಅಣ್ಣ